ರವಿವಾರದ ಸಾಲು

ಸುಳ್ಳು ಹೇಳುವ ಅಂಕಿಗಳನ್ನು ಹಿಡಿಯುವುದು ನನ್ನ ಈಚಿನ ಹುಚ್ಚು. ಕೊಪ್ಪಳದ ಮನೆಯಲ್ಲಿ ಕೂತು, ಷೇರುಪೇಟೆಯ ಹಳೆಯ ದರಗಳನ್ನು ಅಂತರ್ಜಾಲದಿಂದ ಇಳಿಸಿಕೊಂಡು ತಾಳೆ ನೋಡುವ ಪ್ರೋಗ್ರಾಂ ಬರೆದಿದ್ದೇನೆ. ಷೇರು ಕೊಳ್ಳುವ ಧೈರ್ಯ ನನಗಿಲ್ಲ; ಹಳೆಯ ದರದಲ್ಲಿ ನಷ್ಟವಾಗುವುದಿಲ್ಲವಲ್ಲ, ಅದಕ್ಕೇ. ನಿಯಮಗಳು ಸರಳ: ದಿನದ ಕನಿಷ್ಠ ದರ ಗರಿಷ್ಠಕ್ಕಿಂತ ಹೆಚ್ಚಿರಬಾರದು, ಒಂದೇ ತಾರೀಖು ಎರಡು ಸಲ ಬರಬಾರದು, ಶನಿವಾರ ರವಿವಾರದ ಸಾಲು ಕಂಡರೆ ಅಳಿಸಬೇಕು. ನನ್ನ ನೆನಪಿಗೂ ಇಂಥ ಒಬ್ಬ ಕಾವಲುಗಾರ ಇದ್ದಿದ್ದರೆ ಎಂದು ಆಸೆಪಟ್ಟದ್ದುಂಟು.

ಕುಕನೂರಿನಲ್ಲಿ ಅಪ್ಪನ ಬಟ್ಟೆ ಅಂಗಡಿಯನ್ನು ಈಗ ಅಕ್ಕ ನಡೆಸುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಅವಳು ಮತ್ತೆ ಮತ್ತೆ ಹೇಳುವ ಕಥೆಯೊಂದಿದೆ: ಅಂಗಡಿಗೆ ಹೊಸ ಷಟರ್ ಹಾಕಿಸಿದ ವರ್ಷದ ದೀಪಾವಳಿ ಅಮಾವಾಸ್ಯೆ, ಅದೂ ರವಿವಾರ, ಲಕ್ಷ್ಮೀಪೂಜೆ ಮುಗಿಸಿದ ಅಪ್ಪ ಗದುಗಿನ ದಲ್ಲಾಳಿಗೆ ಫೋನ್ ಮಾಡಿ ತನ್ನ ಮೊದಲ ಷೇರು ಕೊಂಡ. ಆ ಪೂಜೆಯಲ್ಲಿ ಕರ್ಪೂರದ ತಟ್ಟೆ ಹಿಡಿದದ್ದು ನನಗೆ ಚೆನ್ನಾಗಿ ನೆನಪಿದೆ, ಫೋನ್ ನೆನಪಿಲ್ಲ. ಹೋದ ತಿಂಗಳು ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಆ ದಿನದ ಸಾಲೇ ಇರಲಿಲ್ಲ.

“ರವಿವಾರ ಪೇಟಿ ಮುಚ್ಚಿರತೈತಿ ಅಕ್ಕಾ. ನಿನಗ ಮರವು.”

ಅಂದಿನಿಂದ ಅಕ್ಕ ಪ್ರತಿ ಮಾತಿನ ಬಾಲಕ್ಕೂ “ನನಗ ನೆನಪಿಲ್ಲೇನೋ” ಎಂದು ಸೇರಿಸತೊಡಗಿದಳು. ಗಿರಾಕಿಗೆ ಸೀರೆಯ ದರ ಹೇಳುವಾಗಲೂ. ಅಂಗಡಿಯಲ್ಲಿ ಕೂತು ಅದನ್ನು ಕೇಳಿದ ದಿನ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಮನೆಗೆ ಬಂದವನು ಕಾವಲುಗಾರನನ್ನೇ ತಾಳೆ ನೋಡೋಣವೆಂದು, ಜರಡಿ ಹಿಡಿಯುವ ಮೊದಲಿನ ಕಡತ ತೆರೆದೆ. ಆ ರವಿವಾರ ಅಲ್ಲಿ ಕೂತಿತ್ತು; ಅಳಿಸಿದ್ದು ನನ್ನ ನಿಯಮವೇ! ದೀಪಾವಳಿಗೆ ರಜೆಯಿದ್ದರೂ, ಅದು ರವಿವಾರವೇ ಬಿದ್ದರೂ, ಮುಂಬೈ ಪೇಟೆ ಶುಭ ಮುಹೂರ್ತಕ್ಕೆಂದು ತುಸು ಹೊತ್ತು ಬಾಗಿಲು ತೆರೆಯುತ್ತದೆ. ನಮ್ಮವರು ಪೂಜೆ ಮುಗಿಸಿ ಒಂದು ಬೋಣಿಗೆ ಮಾಡುವಂತೆ. ಷೇರುಪೇಟೆಯವರೂ ಅಂಗಡಿಯವರೇ ಎಂಬುದು, ಅಂಗಡಿಯಲ್ಲೇ ಬೆಳೆದ ನನಗೆ ಹೊಳೆದಿರಲಿಲ್ಲ.

ಫೋನ್ ಮಾಡಿದೆ. ಆ ರವಿವಾರ ಪೇಟೆ ತೆರೆದಿತ್ತೆಂದು ಅಕ್ಕನಿಗೆ ಹೇಳಿದೆ.

“ಹಂಗಾರ ನನ್ನ ತಲಿ ನೆಟ್ಟಗೈತಿ ಅನ್ನು. ನಿನ್ನ ಕಂಪ್ಯೂಟರಿಗೆ ರವಿವಾರ ಸೂಟಿ ಅಂದ್ರ ಲಕ್ಷ್ಮಿಗೂ ಸೂಟಿ ಏನೋ ತಮ್ಮಾ?”

ಅವಳು ನಕ್ಕದ್ದೇ ತಡ, ನಾನೂ ಹುರುಪುಗೊಂಡೆ. “ಕರ್ಪೂರದ ತಟ್ಟಿ ನಾನ ಹಿಡದಿದ್ದೆ ನೋಡು, ಕೈ ಚುರ್ ಅಂದಿತ್ತು.”

“ನೀ ಎಲ್ಲಿದ್ದಿ? ಪರೀಕ್ಷಿ ಅಂತ ಧಾರವಾಡದಾಗ ಉಳದಿದ್ದಿ. ನಿನ್ನ ಪಾಲಿನ ಕರಜಿಕಾಯಿ ಅಪ್ಪ ತಗದಿಟ್ಟಿದ್ದ.”

ಈ ಸಲ ಅವಳ ಮಾತಿಗೆ ಬಾಲವಿರಲಿಲ್ಲ.

ರವಿವಾರದ ಸಾಲನ್ನು ಮರಳಿ ಸೇರಿಸಿದ್ದೇನೆ. ಕರ್ಪೂರದ ಬಿಸಿ ಮಾತ್ರ ಇನ್ನೂ ಅಂಗೈಯಲ್ಲಿದೆ. ಅದನ್ನು ಅಳಿಸುವ ನಿಯಮ ಬರೆಯಲು ನನಗೆ ಅವಸರವೇನಿಲ್ಲ.