ದೇಸಾಯರ ವಾಡೆಯ ಊಟದ ಪಂಕ್ತಿ

ನರಗುಂದದ ಕೋಟೆ ಬಿದ್ದ ಸುದ್ದಿ ರೋಣಕ್ಕೆ ಮುಟ್ಟಿದ ದಿನ ಪ್ರಭುಲಿಂಗಪ್ಪ ದೇಸಾಯರು ಹೆಂಡತಿ ಮಕ್ಕಳನ್ನು ಬಂಡಿ ಹತ್ತಿಸಿ ಇಳಕಲ್ಲಿಗೆ ಹೊರಟರು. ಅವರೇನೂ ದಂಗೆಗೆ ಹೋದವರಲ್ಲ. ಆದರೆ ದೊಡ್ಡ ಮನೆ ಇದ್ದವರನ್ನೆಲ್ಲ ಸರಕಾರ ವಿಚಾರಿಸುತ್ತಿದ್ದ ಕಾಲ ಅದು. ವಿಚಾರಣೆಗೆ ಸಿಗುವುದಕ್ಕಿಂತ ಬೀಗರ ಮನೆಯಲ್ಲಿರುವುದು ಲೇಸು ಎನಿಸಿತ್ತು.

ಹೊರಡುವ ಮುಂಚೆ ಅವರು ಅಡುಗೆಮನೆಯ ಬಾಗಿಲಿಗೆ ಬಂದರು. ಸಿದ್ದಲಿಂಗವ್ವ ಬಾಲವಿಧವೆಯಾಗಿ ಆ ಮನೆ ಸೇರಿ ಮೂವತ್ತು ವರ್ಷ ಅಲ್ಲಿ ರೊಟ್ಟಿ ಬಡಿದವಳು. ಧಣಿ ತನ್ನೊಡನೆ ನೇರವಾಗಿ ಮಾತಾಡಿದ್ದನ್ನು ಅವಳು ಕೇಳಿದ್ದು ಅಂದೇ ಮೊದಲು.

"ಒಲಿ ಆರಿಸಬ್ಯಾಡ. ಹೊಗಿ ಕಂಡ್ರ ಮನ್ಯಾಗ ಮಂದಿ ಅದಾರ ಅಂತಾರ. ಇಲ್ಲಾಂದ್ರ ಸರಕಾರದವರು ಬಂದು ಬಾಗಲಾ ಮುಚ್ಚತಾರ."

"ಆಗ್ಲಿರಿ" ಎಂದಳು ಸಿದ್ದಲಿಂಗವ್ವ.

ಮನೆಯಲ್ಲಿ ಉಳಿದವರು ಅವಳು ಮತ್ತು ಬಾಗಿಲು ಕಾಯುವ ಮುದುಕ ಜಂಗ್ಲಿಸಾಬ ಇಬ್ಬರೇ. ಒಲೆ ಆರಬಾರದು, ಸರಿ. ಆದರೆ ಬರೀ ಕಟ್ಟಿಗೆ ಸುಡುವುದು ಅವಳ ಮನಸ್ಸಿಗೆ ಒಗ್ಗಲಿಲ್ಲ. ಅಡುಗೆ ಮಾಡಿದಳು. ಇಬ್ಬರಿಗೆ ಎಷ್ಟು ಹಿಟ್ಟು ಕಲಸಬೇಕೆಂಬುದು ಅವಳ ಕೈಗೆ ಗೊತ್ತಿರಲಿಲ್ಲ. ಬುಟ್ಟಿ ತುಂಬ ರೊಟ್ಟಿಯಾಯಿತು, ದೊಡ್ಡ ಗಡಿಗೆಯಲ್ಲಿ ಪುಂಡಿಪಲ್ಲೆಯಾಯಿತು.

"ಅಕ್ಕಾ, ನಾ ಒಬ್ಬ ಮನಷ್ಯಾ, ಇಷ್ಟೆಲ್ಲಾ ಹ್ಯಾಂಗ ಉಣ್ಣಲಿ?" ಎಂದ ಜಂಗ್ಲಿಸಾಬ, ಮೂರನೆಯ ದಿನ.

ಮನೆಯ ಮುಂದಿನ ಹಾದಿಯಲ್ಲಿ ಹೊಳೆಮಣ್ಣೂರಿನ ರೈತ ಗುರುಸಂಗಪ್ಪ ಎತ್ತು ಬಿಚ್ಚಿ ಕೂತಿದ್ದ. ಜಂಗ್ಲಿಸಾಬ ಅವನನ್ನು ಊಟಕ್ಕೆ ಕರೆತಂದು, ಮನೆಯ ರೂಢಿಯಂತೆ ಬಾಗಿಲಲ್ಲಿ ನಿಂತು, "ಹೊಳೆಮಣ್ಣೂರ ಗುರುಸಂಗಪ್ಪನವರು ಬಂದಾರ" ಎಂದು ಒಳಗೆ ಕೂಗಿದ. ಒಳಗೆ ಕೇಳುವವರು ಯಾರೂ ಇರಲಿಲ್ಲ. ಗುರುಸಂಗಪ್ಪ ಮಾತ್ರ ತಲೆಯ ಪಟಗ ಸರಿ ಮಾಡಿಕೊಂಡ.

ಅವನು ಪಡಸಾಲೆಯಲ್ಲಿ ಕೂತು ಉಂಡ. ಸಿದ್ದಲಿಂಗವ್ವ ಕಂಬದ ಮರೆಯಲ್ಲಿ ನಿಂತು ನೋಡಿದಳು. ಇಷ್ಟು ವರ್ಷ ಅವಳು ಮಾಡಿದ ಅಡುಗೆ ಬೇರೆಯವರ ಕೈಯಿಂದ ಒಳಗೆ ಹೋಗಿ, ಖಾಲಿ ತಾಟಾಗಿ ಹೊರಗೆ ಬರುತ್ತಿತ್ತು. ನಡುವೆ ಏನಾಗುತ್ತದೆಂದು ಅವಳು ಕಂಡಿರಲಿಲ್ಲ. ಗುರುಸಂಗಪ್ಪ ರೊಟ್ಟಿ ಮುರಿದು, ಖಾರದ ಹಿಂಡಿ ಹಚ್ಚಿ, ಕಣ್ಣು ಮುಚ್ಚಿ ಅಗಿಯುತ್ತಿದ್ದ. ಅವಳಿಗೆ ಏಕೋ ನಾಚಿಕೆಯಾಗಿ ಒಳಗೆ ಹೋದಳು. ಮರುಕ್ಷಣವೇ ಇನ್ನೊಂದು ರೊಟ್ಟಿ ಹಿಡಿದು ಹೊರಗೆ ಬಂದಳು.

ಮುಂದಿನ ಸಲ ಅವನು ಬದನೆಕಾಯಿ ತಂದ, ಜತೆಗೆ ಇಬ್ಬರು ಬಂಡಿಯವರನ್ನೂ ತಂದ. ಅಬ್ಬಿಗೇರಿಯವರು ಜೋಳ ತಂದರು, ರಾಜೂರಿನವರು ಕಟ್ಟಿಗೆ ಇಳಿಸಿ ಹೋದರು. ಪಡಸಾಲೆಯಲ್ಲಿ ಯಾರು, ಹೊರಗಿನ ಕಟ್ಟೆಯ ಮೇಲೆ ಯಾರು ಎಂಬುದನ್ನು ಜಂಗ್ಲಿಸಾಬ ನಿರ್ಧರಿಸುತ್ತಿದ್ದ. ತಾನು ಮಾತ್ರ ಕಟ್ಟೆಯಲ್ಲೇ ಉಣ್ಣುತ್ತಿದ್ದ. ಬಂದವರೆಲ್ಲರ ಹೆಸರನ್ನೂ ಒಂದೇ ಗತ್ತಿನಲ್ಲಿ ಕೂಗುತ್ತಿದ್ದ. ಹಸಿವಿಲ್ಲದಿದ್ದರೂ ಆ ಕೂಗು ಕೇಳಲೆಂದೇ ಬರುವವರಿದ್ದರು. ಸರಕಾರದ ಶಿರಸ್ತೇದಾರರೂ ಒಮ್ಮೆ ವಿಚಾರಣೆಗೆಂದು ಬಂದರು. ತಮ್ಮ ಹೆಸರು ಕೂಗಿಸಿಕೊಂಡು, ಉಂಡು, ವಿಚಾರಿಸುವುದನ್ನು ಮರೆತು ಹೋದರು.

ಮರುವರ್ಷ ಗಲಾಟೆ ತಣ್ಣಗಾದ ಮೇಲೆ ದೇಸಾಯರು ಒಬ್ಬರೇ ಮರಳಿದರು. ನಡು ಮಧ್ಯಾಹ್ನ, ಮೈಯೆಲ್ಲ ಧೂಳು. ಜಂಗ್ಲಿಸಾಬ ಬಗ್ಗಿ ಮುಜುರೆ ಮಾಡಿದ.

"ಪಂಕ್ತಿ ಕುಂತೈತ್ರಿ ಧಣ್ಯಾರ. ಒಂದ್ ಗಳಿಗಿ ಕಟ್ಟಿಮ್ಯಾಲ ಕೂಡ್ರಿ."

"ಎಂಥಾ ಪಂಕ್ತಿ?"

"ಊಟದ್ದು."

ದೇಸಾಯರು ಬಾಗಿಲನ್ನು ನೋಡಿದರು, ಮನೆ ತಮ್ಮದೇ ಹೌದೆಂದು ಖಾತ್ರಿ ಮಾಡಿಕೊಂಡರು, ಕೂತರು. ತಮ್ಮ ಕಟ್ಟೆ ಇಷ್ಟು ತಂಪಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಜಾಗ ತೆರವಾದಾಗ ಗುರುಸಂಗಪ್ಪನ ಪಕ್ಕ ಸಿಕ್ಕಿತು. ಅವರು ತೊಲೆ, ಕಂಬ ನೋಡುತ್ತ ಕೂತಿದ್ದನ್ನು ಕಂಡು ಅವನು, "ಹೊಸದಾಗಿ ಬಂದೀರೇನ್ರಿ? ಮನಿ ಆಮ್ಯಾಲ ನೋಡೀರಂತ, ರೊಟ್ಟಿ ಆರತಾವ" ಎಂದ. ದೇಸಾಯರು ರೊಟ್ಟಿ ಮುರಿದರು.

ಬಡಿಸಲು ಬಂದ ಸಿದ್ದಲಿಂಗವ್ವನ ಕೈ ಗಾಳಿಯಲ್ಲೇ ನಿಂತಿತು.

"ಪಲ್ಲೆದಾಗ ಉಪ್ಪು ಕಡಿಮಿ ಐತಿ" ಎಂದರು ದೇಸಾಯರು.

"ಮೂವತ್ತು ವರ್ಷ ಇಷ್ಟ ಹಾಕೇನ್ರಿ. ಒಮ್ಮಿನೂ ಹೇಳಲಿಲ್ಲಲ್ರಿ."

"ಯಾರಿಗೆ ಹೇಳಲಿ? ನೀ ಕಾಣತಿದ್ದಿಲ್ಲ."

ಅವಳು ಉಪ್ಪಿನ ಬಟ್ಟಲು ತಂದಿಟ್ಟಳು. ಪಂಕ್ತಿ ಎದ್ದ ಮೇಲೆ ಕೇಳಿದಳು: "ನಾಳಿಯಿಂದ ಬಂದ್ ಮಾಡ್ಲೇನ್ರಿ?"

ದೇಸಾಯರು ಕೈ ಒರೆಸಿಕೊಂಡರು. ಹೆಂಡತಿ ಇಳಕಲ್ಲಿನಲ್ಲೇ ಇರುವೆನೆಂದಿದ್ದಳು, ಮಕ್ಕಳೂ ಅಲ್ಲೇ.

"ಬಂದ್ ಮಾಡಿದ್ರ ನಾ ಎಲ್ಲಿ ಉಣ್ಣಲಿ?" ಎಂದು ಮಾಳಿಗೆ ಹತ್ತಿದರು.

ಹಾದಿಹೋಕರು ಅದನ್ನು ಸಿದ್ದಲಿಂಗವ್ವನ ವಾಡೆ ಎಂದು ಕರೆಯತೊಡಗಿದ್ದರು. ದೇಸಾಯರು ಒಂದೆರಡು ಸಲ ತಿದ್ದಿ, ಆಮೇಲೆ ಬಿಟ್ಟರು.

ಆ ಮಳೆಗಾಲದ ಒಂದು ಮಧ್ಯಾಹ್ನ, ಎಲ್ಲರೂ ಉಂಡು ಹೋದ ಮೇಲೆ, ಸಿದ್ದಲಿಂಗವ್ವ ತನ್ನ ತಾಟನ್ನು ಒಲೆಯ ಮುಂದಿಡದೆ ಪಡಸಾಲೆಗೆ ತಂದು, ಗಾಳಿಗೆ ಮುಖ ಕೊಟ್ಟು ಉಣ್ಣಲು ಕೂತಳು. ನೀರಿಗೆಂದು ಇಳಿದು ಬರುತ್ತಿದ್ದ ದೇಸಾಯರು ಮೆಟ್ಟಿಲ ನಡುವಿನಿಂದಲೇ ಅವಳನ್ನು ಕಂಡು, ಅವಳು ತಾಟು ಬಿಟ್ಟು ಎದ್ದಾಳೆಂದು ಸದ್ದಾಗದಂತೆ ಮೇಲಕ್ಕೆ ತಿರುಗಿದರು.