ಶೈಲಾ ಇಳಿದುಕೊಂಡ ಕವಯಿತ್ರಿಯ ಮನೆ

2022ರ ಬೇಸಿಗೆ ರಜೆ. ಅಮೆರಿಕದ ಸ್ಯಾನ್ ಡಿಯಾಗೋದ ಮೀರಾ ಮೆಸಾ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಗೆಳತಿ ಶೈಲಾ ಇಟಲಿಗೆ ಹೊರಟಳು. ಹೊರಡಲಿ, ನನಗೇನು? ಆದರೆ ಫ್ಲಾರೆನ್ಸಿನಲ್ಲಿ ಇಳಿದುಕೊಳ್ಳಲು ಬುಕ್ ಮಾಡಿದ್ದ ಮನೆಯ ಫೋಟೋ ತೋರಿಸಿದಾಗ ನನ್ನ ಹೊಟ್ಟೆ ಉರಿದುಹೋಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಅಪ್ಪನ ಕಣ್ಣು ತಪ್ಪಿಸಿ ಮದುವೆಯಾಗಿ, ಇಂಗ್ಲೆಂಡ್ ಬಿಟ್ಟು ಬಂದ ಕವಯಿತ್ರಿ ತನ್ನ ಕವಿ ಗಂಡನ ಜೊತೆ ಬಾಡಿಗೆಗಿದ್ದ ಮನೆ ಅದು. ಈಗ ಪ್ರವಾಸಿಗರಿಗೂ ಬಾಡಿಗೆಗೆ ಕೊಡುತ್ತಾರೆ. ಧಾರವಾಡದ ಕಾಲೇಜಿನಲ್ಲಿ ಐದು ವರ್ಷ ಆಕೆಯ ಕವಿತೆ ಪಾಠ ಮಾಡಿದವಳು ನಾನು. ಆ ಮನೆ ನೋಡಬೇಕೆಂಬುದು ಹಳೆಯ ಆಸೆ. ಆದರೆ ನನ್ನ ಪಾಸ್‌ಪೋರ್ಟಿಗೆ ಅಮೆರಿಕದ ಹೊಸ ವೀಸಾ ಮುದ್ರೆ ಬಿದ್ದಿರಲಿಲ್ಲ, ದೇಶ ಬಿಟ್ಟು ಹೋದರೆ ವಾಪಸು ಬರುವ ಖಾತ್ರಿ ಇರಲಿಲ್ಲ. ಇಂಜಿನಿಯರ್ ಶೈಲಾಳಿಗೆ ಗ್ರೀನ್ ಕಾರ್ಡ್ ಇತ್ತು, ಆ ಚಿಂತೆ ಇರಲಿಲ್ಲ. ಆದರೆ ಅವಳು ಕವಯಿತ್ರಿಯ ಒಂದು ಸಾಲನ್ನೂ ಓದಿರಲಿಲ್ಲ. "ಅಡಿಗಿಮನಿ ಛಲೋ ಅದ ಅಂತ ಬುಕ್ ಮಾಡೀನಿ" ಅಂದಳು.

ಒಂದು ಬೆಳಿಗ್ಗೆ ಅಲ್ಲಿಂದ ವಿಡಿಯೋ ಕಾಲ್ ಮಾಡಿದಳು. ಎತ್ತರದ ಸೂರು, ಗೋಡೆಯ ಮೇಲೆ ಕವಯಿತ್ರಿಯ ಚಿತ್ರ. "ಈಕಿ ಯಾರಂತ ಸ್ವಲ್ಪ ಹೇಳ. ನಿನಗ ಗೊತ್ತಿರತದ."

ನಾನು ಪಾಠ ಶುರುಮಾಡಿದೆ. ಅವಳಿಗೆ ಏನೂ ಗೊತ್ತಿಲ್ಲ ಎನಿಸಿಬಿಡಬೇಕೆಂಬ ಹಟ. ಕಾಯಿಲೆ, ಕಾವ್ಯ, ಇಟಲಿಯ ಸ್ವಾತಂತ್ರ್ಯ ಎಲ್ಲ ಹೇಳಿ, ಇದೇ ಮನೆಯಲ್ಲಿ ಗಂಡನ ತೋಳಿನಲ್ಲಿ ಪ್ರಾಣ ಬಿಟ್ಟಳೆಂದು ಮುಗಿಸಿದೆ.

"ಗಂಡನ ಮುಂದ ಹೋದಳು? ಮುತ್ತೈದಿ ಸಾವು" ಅಂದಳು ಶೈಲಾ. "ತವರಮನಿಯವರು ಬಂದಿದ್ರೇನು?"

"ಇಲ್ಲ. ಅಪ್ಪ ಕಡೀತನಕ ಆಕಿ ಮಾರಿ ನೋಡಲಿಲ್ಲ."

"ಹಂಗಾದ್ರ ಉಡಿ ಯಾರು ತುಂಬಿದ್ರು?"

ನಮ್ಮ ಕಡೆ ಮುತ್ತೈದೆ ತೀರಿಕೊಂಡರೆ ತವರಿನವರೇ ಮಡಿಲಿಗೆ ಅಕ್ಕಿ, ಕೊಬ್ಬರಿ, ರವಿಕೆಯ ಖಣ ಇಟ್ಟು ಉಡಿ ತುಂಬಿ ಕಳಿಸುತ್ತಾರೆ. ಶೈಲಾ ಫೋನನ್ನು ಒರಗಿಸಿಟ್ಟು ಒಳಗೆ ಹೋದಳು. ಪ್ರವಾಸಕ್ಕೆ ಒಯ್ದಿದ್ದ ಅಕ್ಕಿ, ಕೊಬ್ಬರಿಯ ಬದಲು ಬಾದಾಮಿ, ಖಣದ ಬದಲು ತನಗೆಂದು ಅಲ್ಲೇ ಕೊಂಡಿದ್ದ ರೇಷ್ಮೆ ಸ್ಕಾರ್ಫ್. ಎಲ್ಲವನ್ನೂ ಚಿತ್ರದ ಕೆಳಗಿಟ್ಟು, ಪರ್ಸಿನಿಂದ ಕುಂಕುಮ ತೆಗೆದು ಅಕ್ಕಿಯ ಮೇಲೆ ಉದುರಿಸಿ ಕೈಮುಗಿದಳು. ನಾನು ಇಲ್ಲಿ ಕಾಫಿ ಲೋಟ ಹಿಡಿದುಕೊಂಡು ನೋಡುತ್ತಿದ್ದೆ.

ವಾಪಸು ಬಂದ ಮೇಲೆ ಒಂದು ಶುಕ್ರವಾರ ನನ್ನನ್ನು ಕರೆದು ಕೂಡಿಸಿ, ಅದೇ ಸ್ಕಾರ್ಫ್ ಇಟ್ಟು ನನ್ನ ಉಡಿ ತುಂಬಿದಳು. "ಮುತ್ತೈದಿ ಪ್ರಸಾದ. ನಿನಗಂತನ ತಂದೀನಿ."

ಕಣ್ಣು ತುಂಬಿ ಬಂತು, ಹೊಟ್ಟೆಯೂ ಉರಿಯಿತು. ನನಗೆ ಈಗ ವೀಸಾ ಆಗಿದೆ, ಒಂದು ದಿನ ಆ ಮನೆಗೆ ಹೋದೇನು. ಆದರೆ ಅಷ್ಟು ವರ್ಷ ಪಾಠ ಮಾಡಿದ ನನಗೆ, ಆಕೆ ಒಬ್ಬರ ಮನೆಯ ಮಗಳೆಂದು ಒಮ್ಮೆಯೂ ಅನಿಸಿರಲಿಲ್ಲ. ಶೈಲಾಳಿಗೆ ಐದೇ ನಿಮಿಷದಲ್ಲಿ ಅನಿಸಿತು. ಆ ಹೊಟ್ಟೆಕಿಚ್ಚು ಇನ್ನೂ ಇಳಿದಿಲ್ಲ.