ಕರಡಿಗೆಯಲ್ಲಿದ್ದ ಝುಮಕಿ

ನಮ್ಮಲ್ಲಿ ಲಿಂಗ ಯಾರಿಗೂ ವಾರಸಾಗಿ ಬರುವುದಿಲ್ಲ. ಕೊರಳಲ್ಲಿ ಕಟ್ಟಿಕೊಂಡವರು ತೀರಿಹೋದಾಗ ಅವರ ಇಷ್ಟಲಿಂಗವೂ ಅವರ ಅಂಗೈಯಲ್ಲೇ ಮಣ್ಣಿಗೆ ಹೋಗುತ್ತದೆ. ಉಳಿಯುವುದು ಕರಡಿಗೆ, ಲಿಂಗವನ್ನಿಟ್ಟು ಎದೆಯ ಮೇಲೆ ಇಳಿಬಿಟ್ಟುಕೊಳ್ಳುವ ಬೆಳ್ಳಿಯ ಪುಟ್ಟ ಡಬ್ಬಿ. ನನ್ನದು ನನ್ನ ಅಜ್ಜಿಯದಾಗಿತ್ತು. ಶಹಾಬಾದಿನ ಕಾನ್ವೆಂಟಿಗೆ ನಾನು ಅದನ್ನು ಯೂನಿಫಾರ್ಮಿನ ಒಳಗೆ ಹಾಕಿಕೊಂಡೇ ಹೋಗುತ್ತಿದ್ದೆ. ಒಂದು ದಿನ ಪಿ.ಟಿ. ಪೀರಿಯಡ್‌ನಲ್ಲಿ ಅದು ಕಾಲರಿನಿಂದ ಹೊರಗೆ ಜಾರಿತು. ಸಿಸ್ಟರ್ ಕೈಯಲ್ಲಿ ಹಿಡಿದು, “ವಾಟ್ ಈಸ್ ದಿಸ್, ಚೈಲ್ಡ್?” ಎಂದರು. “ಮೈ ಗಾಡ್, ಸಿಸ್ಟರ್” ಎಂದೆ. ಗೆಳತಿಯರು ನಕ್ಕರು. ಸಿಸ್ಟರ್ ನಗಲಿಲ್ಲ. ತಾವೇ ಅದನ್ನು ಒಳಗೆ ಸೇರಿಸಿ, ಮೇಲಿನ ಬಟನ್ ಹಾಕಿ, “ದೆನ್ ಡೋಂಟ್ ರನ್ ಸೋ ಫಾಸ್ಟ್” ಎಂದರು.

ಮೊಮ್ಮಗಳಿಗೆ ಲಿಂಗಧಾರಣೆಯಾದ ದಿನ ಆ ಕರಡಿಗೆಯನ್ನು ಅವಳಿಗೆ ಕೊಟ್ಟೆ. ಹೊಸ ಲಿಂಗವನ್ನು ಅಯ್ಯನವರು ಅದರೊಳಗಿಟ್ಟು ಅವಳ ಕೊರಳಿಗೆ ಕಟ್ಟಿದರು. ನನ್ನ ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕಟ್ಟಿಕೊಂಡೆ. ಮಗಳು, “ಅವ್ವಾ, ನಿನಗ ಬ್ಯಾರೆ ಬೆಳ್ಳೀದು ಮಾಡಿಸ್ತೀನಿ” ಎಂದಳು. ಬೇಡವೆಂದೆ. ಬಟ್ಟೆಯ ಹಗುರ ನನಗೆ ಹಿತವಾಗಿತ್ತು. ಅವರಿಬ್ಬರೂ ಸೇಡಂನ ತಮ್ಮ ಮನೆಯಿಂದ ಬಂದಾಗಲೆಲ್ಲ ನಾವು ಮೂವರೂ ಸ್ನಾನ ಮಾಡಿ, ಶಹಾಬಾದಿನ ನಮ್ಮ ಮನೆಯ ತಣ್ಣನೆಯ ಪರಸಿಗಲ್ಲಿನ ನೆಲದ ಮೇಲೆ ಸಾಲಾಗಿ ಕೂರುತ್ತಿದ್ದೆವು. ಮೂರು ಎಡಗೈ, ಮೂರು ಲಿಂಗ, ಒಂದೇ ವಿಭೂತಿಗಟ್ಟಿ. ನಾನು ನಡುವೆ ಒಮ್ಮೆ ಕಣ್ಣು ತೆರೆದು ಅವರಿಬ್ಬರನ್ನೂ ನೋಡಿಕೊಳ್ಳುತ್ತಿದ್ದೆ. ಇಷ್ಟು ಸಾಕು, ಐ ಹ್ಯಾವ್ ಡನ್ ಮೈ ಪಾರ್ಟ್, ಎಂದುಕೊಳ್ಳುತ್ತಿದ್ದೆ.

ಹೋದ ತಿಂಗಳು ಚಿತ್ತಾಪುರದಲ್ಲಿ ಸಂಬಂಧಿಕರೊಬ್ಬರ ಮನೆಯ ತೊಟ್ಟಿಲ ಕಾರ್ಯಕ್ರಮಕ್ಕೆ ಹೋಗಿದ್ದೆ. ಊಟ ಬೇಗ ಮುಗಿಯಿತು. ಮನೆಗೆ ಮರಳಲು ವಾಡಿಯ ಕಡೆ ಹೋಗುವ ಗಾಡಿಗೆ ಬಹಳ ಹೊತ್ತಿತ್ತು. ಸೇಡಂ ಕಡೆಯ ಪ್ಯಾಸೆಂಜರ್ ಪ್ಲಾಟ್‌ಫಾರ್ಮಿಗೆ ಬಂದು ನಿಂತಿತು. ಮಗಳಿಗೆ ಸರ್‌ಪ್ರೈಸ್ ಕೊಡೋಣ ಎನಿಸಿ ಹತ್ತಿಬಿಟ್ಟೆ.

ಬಾಗಿಲು ತೆರೆದವನು ಅಳಿಯ. “ಬರ್ರಿ ಬರ್ರಿ ಅತ್ತಿಯವರ! ಟಿಕೆಟ್ ಚೆಕಿಂಗಿನವರು ಬಂದಂಗ ಬಂದ್ರಲ್ರೀ!” ಎಂದು ನಕ್ಕ. ನಾನೂ ನಕ್ಕೆ. ಅವನ ಹಿಂದೆ ನಿಂತಿದ್ದ ಮಗಳು ಮಾತ್ರ ನಗಲಿಲ್ಲ. ಸೆರಗನ್ನು ಕೊರಳ ತುಂಬ ಹೊದ್ದುಕೊಂಡಳು.

ಮೊಮ್ಮಗಳು ಕಾಲೇಜಿನಿಂದ ಬಂದವಳೇ, “ಆಯೀ!” ಎಂದು ತಬ್ಬಿಕೊಂಡಳು. ನನ್ನ ಎದೆಗೆ ಏನೂ ಒತ್ತಲಿಲ್ಲ.

“ಕರಡಿಗಿ ಎಲ್ಲದವಾ?”

“ಈಗರೆ ಸ್ನಾನಕ್ಕ ಹೋಗಿದ್ನೆಲ್ಲಾ, ತೆಗೆದಿಟ್ಟೀನಿ ಆಯಿ.”

ಕಾಲೇಜಿನ ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು. ಮುಖ ತೊಳೆದುಕೊಳ್ಳಲು ಅವಳ ಕೋಣೆಗೆ ಹೋದೆ. ಕನ್ನಡಿಯ ಮುಂದೆ, ಬಾಡಿ ಸ್ಪ್ರೇ ಡಬ್ಬಿಯ ಪಕ್ಕದಲ್ಲಿ, ಅಜ್ಜಿಯ ಕರಡಿಗೆ ಬಾಯಿ ತೆರೆದುಕೊಂಡು ಕೂತಿತ್ತು. ಒಳಗೆ ಒಂದು ಜೊತೆ ಝುಮಕಿ, ಎರಡು ಮೂರು ಹೇರ್‌ಪಿನ್.

ಹಿಂದೆಯೇ ಬಂದ ಮಗಳು ಬಾಗಿಲಲ್ಲಿ ನಿಂತಳು. “ಅವ್ವಾ, ಲಿಂಗ ಜ್ವಾಕಿಲೇ ಅದ. ದೇವರ ಜಗಲಿ ಮ್ಯಾಲೆ, ಹತ್ತಿಯೊಳಗ ಸುತ್ತಿ ಇಟ್ಟೀನಿ. ಖರೇನೇ. ನೀ ಬರೋದು ಗೊತ್ತಿದ್ರ...”

“ಗೊತ್ತಿದ್ರ ಏನ್ ಮಾಡ್ತಿದ್ದಿ?”

ಉತ್ತರ ಕೊಟ್ಟವಳು ಅವಳ ಹಿಂದೆ ಬಂದು ನಿಂತಿದ್ದ ಮೊಮ್ಮಗಳು. “ಆಯಿ, ನನಗ್ಯಾಕ ಒಬ್ಬಾಕಿಗೇ ನೋಡ್ಲಿಕತ್ತೀ? ಮಮ್ಮೀನೇ ಹೇಳ್ಯಾಳ, ಆಯಿ ಮನಿಗಿ ಹೋಗೋ ಮುಂದ ಹಾಕ್ಕೋ, ಬಂದ ಮ್ಯಾಲ ತೆಗಿ ಅಂತ. ಮಮ್ಮೀನೂ ಹಂಗೇ ಮಾಡ್ತಾಳ. ಆಕೀದು ನಾ ಹುಟ್ಟೋಕಿಂತ ಮೊದಲಿಂದ ಜಗಲಿ ಮ್ಯಾಲೇ ಅದ.”

“ಬಾಯಿ ಮುಚ್ಚು!” ಎಂದಳು ಮಗಳು.

ಮೊಮ್ಮಗಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳಿಗೆ ಹದಿಹರೆಯ, ಅವಳಿಗೆ ಹೇಳಿಕೊಟ್ಟಂತೆ ಮಾಡಿದ್ದಾಳೆ. ಆದರೆ ಈ ಮಗಳ ಅಂಗೈ ಚಿಕ್ಕದಿದ್ದಾಗ ಲಿಂಗ ಜಾರಬಾರದೆಂದು ಅದರ ಕೆಳಗೆ ನನ್ನ ಅಂಗೈ ಹಿಡಿದು ಕೂರುತ್ತಿದ್ದೆ. ಅವಳು ನಂಬುವುದಿಲ್ಲ ಎಂದಿದ್ದರೆ ಜಗಳವಾಡುತ್ತಿದ್ದೆ, ಅಳುತ್ತಿದ್ದೆ, ಆಮೇಲೆ ಒಟ್ಟಿಗೆ ಚಹಾ ಕುಡಿಯುತ್ತಿದ್ದೆವು. ಅವಳು ಹಾಗೆ ಮಾಡಲಿಲ್ಲ. ಶುಗರ್ ಇದ್ದವರ ಮುಂದೆ ಸಿಹಿಯ ಡಬ್ಬಿ ಬಚ್ಚಿಡುವ ಹಾಗೆ ನನ್ನ ಮುಂದೆ ತನ್ನ ಬರಿಗೊರಳನ್ನು ಬಚ್ಚಿಟ್ಟಳು. ನನ್ನ ಭಕ್ತಿ ಅವರ ಪಾಲಿಗೆ ಮುದುಕಿಯ ಒಂದು ಕಾಯಿಲೆ, ಸಂಭಾಳಿಸಬೇಕಾದದ್ದು. ಪರಸಿಯ ಮೇಲೆ ನಾವು ಕೂತ ಅಷ್ಟೂ ಮುಂಜಾವುಗಳು, ಡಿಯರ್ ಗಾಡ್, ಒಂದು ಸ್ಕೂಲ್ ಡ್ರಾಮಾ ಆಗಿದ್ದವು. ಪ್ರೇಕ್ಷಕಿ ನಾನೊಬ್ಬಳೇ.

ಮರುದಿನ ಮುಂಜಾನೆ ಅವರ ಜಗಲಿಯ ಮುಂದೆ ಒಬ್ಬಳೇ ಕೂತು ಪೂಜೆ ಮುಗಿಸಿದೆ. ಅಡುಗೆಮನೆಯಲ್ಲಿ ಮಗಳು ಪಾತ್ರೆ ಸದ್ದಾಗದಂತೆ ಕೆಲಸ ಮಾಡುತ್ತಿದ್ದಳು. ಕನ್ನಡಿಯ ಮುಂದಿನ ಕರಡಿಗೆ ತಂದು, ಝುಮಕಿ, ಪಿನ್ನು ತೆಗೆದಿಟ್ಟು, ವಿಭೂತಿಯಿಂದ ಒರೆಸಿದೆ. ನನ್ನ ಲಿಂಗವನ್ನು ವಸ್ತ್ರದಿಂದ ಬಿಚ್ಚಿ ಅದರೊಳಗಿಟ್ಟೆ.

ಮೊಮ್ಮಗಳು ಹಲ್ಲುಜ್ಜುತ್ತ ಬಂದು ನಿಂತಳು. “ಕೊಟ್ಟಿದ್ದು ವಾಪಸ್ ಒಯ್ಲಿಕತ್ತೀ ಏನ್ ಆಯಿ?”

“ಹೂಂ, ಒಯ್ತೀನಿ. ನಿನ್ನ ಝುಮಕಿಗಿ ಮಮ್ಮಿ ಬ್ಯಾರೆ ಡಬ್ಬಿ ಕೊಡಿಸ್ತಾಳ.”

ಅವಳ ಮುಖ ಸಪ್ಪಗಾಯಿತು. ಅದನ್ನು ನೋಡಿ ನನಗೆ ಸ್ವಲ್ಪ ಸಮಾಧಾನವೂ ಆಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಖಾಲಿಯಾದ ನನ್ನ ವಸ್ತ್ರವನ್ನು ಮಡಚಿ, ಜಗಲಿಯ ಮೇಲೆ ಹತ್ತಿಯಲ್ಲಿ ಸುತ್ತಿದ್ದ ಅವಳ ಲಿಂಗದ ಪಕ್ಕದಲ್ಲಿಟ್ಟೆ. “ಎಂದಾರ ಬೇಕನಿಸಿದ್ರ ಇದರಾಗ ಕಟ್ಕೋ. ನಾ ಬರ್ತೀನಂತ ಕಟ್ಕೋಬ್ಯಾಡ.”

ಸ್ಟೇಷನ್ನಿಗೆ ಬಿಡಲು ಬಂದ ಮಗಳು ಗಾಡಿ ಹೊರಡುವಾಗ ಕಿಟಕಿಯ ಸರಳು ಹಿಡಿದು, “ಸಿಟ್ಟಾಗಬ್ಯಾಡ ಅವ್ವಾ. ಮುಂದಿನ ಸಲ ಫೋನ್ ಮಾಡಿ ಬಾ” ಎಂದಳು.

ಕರಡಿಗೆ ಈಗ ನನ್ನ ಎದೆಯ ಮೇಲಿದೆ. ಲಿಂಬೆಹಣ್ಣು ಹಚ್ಚಿ ತಿಕ್ಕಿದರೂ ಬಾಡಿ ಸ್ಪ್ರೇಯ ವಾಸನೆ ಪೂರ್ತಿ ಹೋಗಿಲ್ಲ. ಮೊಮ್ಮಗಳು ಭಾನುವಾರ ವಿಡಿಯೋ ಕಾಲ್ ಮಾಡುತ್ತಾಳೆ. ಪರೀಕ್ಷೆ, ಗೆಳತಿಯರು, ಹೊಸ ಡ್ರೆಸ್, ಎಲ್ಲ ಹೇಳುತ್ತಾಳೆ. ನಾನು ಅವಳ ಕಣ್ಣನ್ನೇ ನೋಡುತ್ತ ಮಾತಾಡುತ್ತೇನೆ. ಅವಳ ಕೊರಳಿನ ಕಡೆಗೆ ನೋಡುವುದಿಲ್ಲ. ನೋಡಿದ್ದು ಗೊತ್ತಾದರೆ, ಮುಂದಿನ ಭಾನುವಾರ ಕಟ್ಟಿಕೊಂಡೇ ಕೂತಿರುತ್ತಾಳೆ.